ಪೇಂಟಿಂಗ್ ಮಾರುವ ವೆಬ್‌ಸೈಟಿಗೆ ಜಾಹೀರಾತಾ? ಗೋಡೆಯಿಂದ ಶುರುಮಾಡಿ

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದಲ್ವಾ, ಅಲ್ಲಿ ಒಂದು ಗಂಟೆ ಸುಮ್ನೆ ನಿಂತು ಜನರನ್ನು ನೋಡಿ. ಚಿತ್ರದ ಮುಂದೆ ನಿಲ್ಲುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಗೇಣು ಹಾಕಿ ಅಳೆಯುತ್ತಾರೆ, ಮನೆಗೆ ಫೋಟೊ ಕಳಿಸಿ ‘ಸೋಫಾ ಮೇಲೆ ಕೂರುತ್ತಾ?’ ಎಂದು ಕೇಳುತ್ತಾರೆ. ಕಲಾವಿದ ಎದುರಿಗೇ ಕೂತಿರುವುದರಿಂದ ಅಸಲಿಯಾ ಪ್ರಿಂಟಾ ಅನ್ನುವ ಅನುಮಾನ ಜಾಸ್ತಿ ಕಾಡುವುದಿಲ್ಲ. ಆನ್‌ಲೈನ್‌ನಲ್ಲಿ ಇದ್ಯಾವುದೂ ಇಲ್ಲ. 2021ರಲ್ಲಿ ಕೊರೊನಾದಿಂದ ಸಂತೆಯೇ ಆನ್‌ಲೈನ್ ಆದಾಗ ಆ ಕೊರತೆ ಚೆನ್ನಾಗಿ ಗೊತ್ತಾಯಿತು. ಆ ಗೇಣು, ಆ ಎರಡು ಹೆಜ್ಜೆ, ಆ ಕಲಾವಿದ, ಇಷ್ಟನ್ನೂ ಜಾಹೀರಾತೇ ತುಂಬಿಕೊಡಬೇಕು.

ನಾನಿದನ್ನು ಕಲಿತಿದ್ದು ದುಡ್ಡು ಕಳೆದುಕೊಂಡು. ಗೆಳೆಯನ ಸಣ್ಣ ವೆಬ್‌ಸೈಟಿಗೆ ಮೊದಲ ಸಲ ಜಾಹೀರಾತು ಮಾಡಿದಾಗ ದೊಡ್ಡದಾಗಿ ಲೋಗೊ, ಅದರಡಿ ‘ಕಲೆಯನ್ನು ಮನೆಗೆ ತನ್ನಿ’ ಎಂದು ಹಾಕಿ, ಕಲೆಯಲ್ಲಿ ಆಸಕ್ತಿ ಇರುವವರಿಗೆ ತೋರಿಸು ಎಂದು ಇನ್‌ಸ್ಟಾಗ್ರಾಂಗೆ ಹೇಳಿದೆವು. ಲೈಕುಗಳ ಸುರಿಮಳೆ. ಇನ್‌ಬಾಕ್ಸ್ ತೆರೆದರೆ ಬರೀ ಕಲಾವಿದರು. ‘ಸರ್, ನನ್ನ ಪೇಂಟಿಂಗೂ ಹಾಕ್ತೀರಾ?’ ಮಾರಾಟ ಸೊನ್ನೆ.

ಮೊದಲ ಕೆಲಸ: ಗೋಡೆ ಯಾರದು?

ಕಲೆಯನ್ನು ಇಷ್ಟಪಡುವವರು ಬೇರೆ, ಖಾಲಿ ಗೋಡೆ ಇಟ್ಟುಕೊಂಡವರು ಬೇರೆ. ನಿಮಗೆ ಬೇಕಾದವರು ಎರಡನೆಯವರು. ಹೊಸ ಮನೆ ಕಟ್ಟಿಸಿದವರು, ಕ್ಲಿನಿಕ್ ತೆರೆಯುತ್ತಿರುವ ಡಾಕ್ಟರು, ಸಕಲೇಶಪುರದ ಕಡೆ ಹೋಮ್‌ಸ್ಟೇ ಮಾಡುತ್ತಿರುವವರು. ಹಾಗಾಗಿ ಟಾರ್ಗೆಟ್ ಮಾಡುವಾಗ ‘ಕಲೆ’ ಬಿಟ್ಟು ಇಂಟೀರಿಯರ್, ಫರ್ನಿಚರ್, ಮಾಡ್ಯುಲರ್ ಕಿಚನ್ ಇಂಥವನ್ನು ಆರಿಸಿ. ಗೂಗಲ್‌ನಲ್ಲಿ ‘ಪೂಜಾ ಕೋಣೆಗೆ ಮೈಸೂರು ಪೇಂಟಿಂಗ್’ ಎಂದು ಹುಡುಕುವವರು ಕಡಿಮೆ ಇರಬಹುದು, ಆದರೆ ಅವರು ಕೊಳ್ಳುವ ಮನಸ್ಸು ಮಾಡಿಯೇ ಬಂದಿರುತ್ತಾರೆ. ಅವರಿಗಾಗಿ ಸ್ವಲ್ಪ ಹಣ ಬೇರೆ ಎತ್ತಿಡಿ.

ಒಂದೇ ಚಿತ್ರ ಹಿಡಿಯಿರಿ

ಜಾಹೀರಾತಿನಲ್ಲಿ ವೆಬ್‌ಸೈಟನ್ನು ಮಾರಬೇಡಿ, ಒಂದು ಚಿತ್ರವನ್ನು ಮಾರಿ. ಮೈಸೂರು ಶೈಲಿಯ ಒಂದು ಸರಸ್ವತಿ ಇದೆ ಅಂದುಕೊಳ್ಳಿ. ಅದರಲ್ಲಿ ಒಡವೆ, ಸೀರೆಯ ಅಂಚು ಇರುವ ಕಡೆ ಗೆಸ್ಸೋ ಎಂಬ ಬಿಳಿ ಪೇಸ್ಟಿನಿಂದ ಸಣ್ಣಗೆ ಉಬ್ಬು ಮಾಡಿ, ಮೇಲೆ ಚಿನ್ನದ ಹಾಳೆ ಕೂರಿಸಿರುತ್ತಾರೆ. ತಂಜಾವೂರಿನಷ್ಟು ದಪ್ಪ ಉಬ್ಬಲ್ಲ, ಬೆರಳಾಡಿಸಿದರಷ್ಟೇ ಗೊತ್ತಾಗುವಂಥದ್ದು. ಇದಕ್ಕೆ ಫ್ಲಾಶ್ ಹೊಡೆದರೆ ಚಿನ್ನ ಬಿಳಿ ಮಚ್ಚೆಯಾಗುತ್ತದೆ. ಎದುರಿನಿಂದ ಬೆಳಕು ಬಿದ್ದರೆ ಸಾಸಿವೆ ಬಣ್ಣ. ಬೆಳಗ್ಗೆ ಕಿಟಕಿಯ ಪಕ್ಕ ಇಟ್ಟು, ಬೆಳಕು ಒಂದು ಬದಿಯಿಂದ ಬೀಳುವ ಹಾಗೆ ನೋಡಿಕೊಂಡು, ಫೋನನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ಸರಿಸುತ್ತಾ ಆರೇಳು ಸೆಕೆಂಡ್ ವಿಡಿಯೊ ಮಾಡಿ. ಸೀರೆಯಂಚಿನ ಮೇಲೆ ಹೊಳಪು ಓಡುವುದು ಕಾಣುತ್ತದೆ. ಕೊನೆಯಲ್ಲಿ ನಿಮ್ಮ ಅಂಗೈಯನ್ನು ಚಿತ್ರದ ಪಕ್ಕ ಇಡಿ. ಅಳತೆ ತಾನಾಗೇ ಗೊತ್ತಾಗುತ್ತದೆ.

ಮಲೆನಾಡಿನ ದೀವರ ಸಮುದಾಯದ ಚಿತ್ತಾರಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಹೊಳಪಿಲ್ಲ, ಗೆರೆ ಇದೆ. ಕೆಮ್ಮಣ್ಣಿನ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುವ ಕೈಯನ್ನೇ ತೋರಿಸಿ, ಮಾತು ಬೇಡ.

ವಿಡಿಯೊ ಜೊತೆಗೆ ಒಂದು ಫೋಟೊ, ಚಿತ್ರ ತೂಗುಹಾಕಿದ ನಿಜವಾದ ಮನೆಯ ಗೋಡೆಯದ್ದಿರಲಿ. ಸ್ವಿಚ್‌ಬೋರ್ಡ್ ಕಂಡರೂ ಪರವಾಗಿಲ್ಲ, ಕಂಡರೇ ಒಳ್ಳೆಯದು.

ಏನು ಬರೆಯಬೇಕು?

‘ಅದ್ಭುತ ಕಲಾಕೃತಿ’ ಅನ್ನುವುದನ್ನು ಅಳಿಸಿಬಿಡಿ. 12x15 ಇಂಚು, ಕೈಯಿಂದ ಬರೆದದ್ದು, ಫ್ರೇಮ್ ಸೇರಿದೆ, 6,000 ರೂಪಾಯಿ, ಒಡೆದು ಬಂದರೆ ವಾಪಸ್. ಸಾಕು. ಬೆಲೆ ಮುಚ್ಚಿಟ್ಟು ‘ಇನ್‌ಬಾಕ್ಸ್ ಮಾಡಿ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕೊಳ್ಳುವವರಿಗೂ ಬರುತ್ತದೆ. ಐದು ವರ್ಷದಲ್ಲಿ ಬೆಲೆ ಡಬಲ್ ಆಗುತ್ತದೆ ಅಂತೆಲ್ಲ ಬರೆಯಲೇಬೇಡಿ. ಇನ್ನೊಂದು ವಿಷಯ: ಚಿತ್ರ ನಿಮ್ಮ ಸೈಟಿನಲ್ಲಿದೆ ಅಂದ ಮಾತ್ರಕ್ಕೆ ಅದನ್ನು ಜಾಹೀರಾತಿಗೆ ಬಳಸುವ ಹಕ್ಕು ಬಂದುಬಿಡುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಸಾಮಾನ್ಯವಾಗಿ ಕಲಾವಿದರದ್ದೇ, ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಲೆಕ್ಕ

ಆ 6,000ದಲ್ಲಿ ನಿಮ್ಮ ಕಮಿಷನ್ 25% ಅಂದರೆ 1,500. ಪ್ಯಾಕಿಂಗ್, ಕೊರಿಯರ್ 400 ಹೋದರೆ 1,100 ಉಳಿಯಿತು. ಒಂದು ಕ್ಲಿಕ್ಕಿಗೆ 8 ರೂಪಾಯಿ ಅಂದುಕೊಳ್ಳಿ. ನೂರು ಜನ ಬಂದು ಒಬ್ಬರು ಕೊಂಡರೆ 800 ಖರ್ಚು, 300 ಉಳಿತಾಯ. ಇನ್ನೂರಕ್ಕೆ ಒಬ್ಬರಾದರೆ ಕೈಯಿಂದ 500 ಹೋಯಿತು. ಲೈಕು ಎಷ್ಟು ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ ನೋಡಿ. ಹೊಳಪಿನ ವಿಡಿಯೊ, ಗೋಡೆಯ ಫೋಟೊ, ಬರೆಯುವ ಕೈ, ಮೂರಕ್ಕೂ ಸಮನಾಗಿ ಹಣ ಹಾಕಿ ಐದು ದಿನ ಮುಟ್ಟದೆ ಬಿಡಿ. ಆಮೇಲೆ ಸೋತದ್ದನ್ನು ನಿಲ್ಲಿಸಿ.

ಪಂಚಾಂಗವನ್ನೂ ನೋಡಿ, ತಮಾಷೆಯಲ್ಲ. ಆಷಾಢದಲ್ಲಿ ಗೃಹಪ್ರವೇಶ ಮಾಡುವವರು ಅಪರೂಪ, ಆ ತಿಂಗಳು ಫೋಟೊ ತೆಗೆಯಲು, ಸ್ಟಾಕ್ ಸೇರಿಸಲು ಇಟ್ಟುಕೊಳ್ಳಿ. ಹಣ ಶ್ರಾವಣಕ್ಕೆ, ದೀಪಾವಳಿಗೆ, ವೈಶಾಖಕ್ಕೆ.

ಒಮ್ಮೆ ನೋಡಿ ಹೋದವರಿಗೆ ಅದೇ ಜಾಹೀರಾತನ್ನು ಮತ್ತೆ ಮತ್ತೆ ತೋರಿಸಿ ಕಾಟ ಕೊಡುವ ಬದಲು ಬೇರೊಂದು ತೋರಿಸಿ: ‘ನಿಮ್ಮ ಗೋಡೆಯ ಫೋಟೊ ವಾಟ್ಸಾಪ್ ಮಾಡಿ, ಚಿತ್ರ ಕೂರಿಸಿ ಕಳಿಸುತ್ತೇವೆ’. ನಮಗೆ ಮೊದಲ ಗಿರಾಕಿ ಸಿಕ್ಕಿದ್ದು ಹೀಗೇ. ಅವರು ಕಳಿಸಿದ ಗೋಡೆಯಲ್ಲಿ ಕ್ಯಾಲೆಂಡರ್ ಇನ್ನೂ ನೇತಾಡುತ್ತಿತ್ತು.

ಚಿತ್ರ ಮಾರಾಟವಾದ ತಕ್ಷಣ ಅದರ ಜಾಹೀರಾತು ನಿಲ್ಲಿಸಿ. ಇದು ಚಪ್ಪಲಿ ಅಂಗಡಿಯಲ್ಲ, ಅಸಲಿ ಇರುವುದು ಒಂದೇ. ಮಾರಿಹೋದ ಗಣಪತಿಗೆ ನಾವು ಎರಡು ದಿನ ಹಣ ಸುರಿದೆವು, ಬಂದ ಪ್ರತಿ ಫೋನಿಗೂ ‘ಸಾರಿ, ಹೋಯ್ತು’ ಎಂದು ಹೇಳುತ್ತಾ.