ಫ್ರೆಂಚ್ ಬಿಸ್ಟ್ರೋದ ವೈನ್ ಪಟ್ಟಿ ಅಳೆಯುವುದು ಹೇಗೆ

ಮಕ್ಕಳನ್ನು ನೋಡಲು ದಾವಣಗೆರೆಯಿಂದ ಪ್ಯಾರಿಸ್‌ಗೆ ಹೋದವರು ಬಿಸ್ಟ್ರೋ ಎಂಬ ಸಣ್ಣ ಊಟದ ಹೋಟೆಲಿನಲ್ಲಿ ಕೂತಾಗ ಮೊದಲು ಬೆಲೆ ನೋಡಬೇಡಿ. ವೈನಿನ ಮುಂದೆ ತಯಾರಕರ ಹೆಸರು, ದ್ರಾಕ್ಷಿ ಕೊಯ್ದ ವರ್ಷ ಇದೆಯೇ? ‘ಬೋರ್ಡೋ, ಕೆಂಪು’ ಎಂದು ಬರೀ ಪ್ರದೇಶ, ಬಣ್ಣ ಇದ್ದರೆ ಯಾರದ್ದನ್ನು ಬೇಕಾದರೂ ಸುರಿಯಬಹುದು, ಬಿಟ್ಟುಬಿಡಿ.

ಆಮೇಲೆ ಲೆಕ್ಕ. ಬಾಟಲಿ 75 ಸೆಂಟಿಲೀಟರ್, ಗ್ಲಾಸು ಸಾಮಾನ್ಯವಾಗಿ 12.5, ಅಂದರೆ 6 ಗ್ಲಾಸು. ಗ್ಲಾಸಿಗೆ 7 ಯೂರೋ, ಬಾಟಲಿಗೆ 28 ಇದ್ದರೆ ನಾಲ್ಕನೇ ಗ್ಲಾಸಿಗೇ ಬಾಟಲಿಯ ದುಡ್ಡು ಮುಗಿಯಿತು. ಅಂಗಡಿಯ ಬೆಲೆಯ ಮೂರು ಪಟ್ಟು ವಾಡಿಕೆ, ಐದು ಪಟ್ಟು ದುರಾಸೆ.

ಗ್ಲಾಸಿನ ವೈನಾದರೆ ಬಾಟಲಿ ಯಾವಾಗ ತೆರೆದದ್ದೆಂದು ಕೇಳಿ. ಗಾಳಿ ತಾಗಿ ಕೆಟ್ಟ ಬಿಳಿ ವೈನು ಕಂದು ತಿರುಗಿ, ಹೆಚ್ಚಿಟ್ಟ ಸೇಬಿನ ವಾಸನೆ ಹೊಡೆಯುತ್ತದೆ. ವಾಪಸ್ ಕಳಿಸಿ, ಸಂಕೋಚ ಬೇಡ.

ಬಿಳಿ ವೈನುಗಳಲ್ಲಿ ಹೆಸರುವಾಸಿ ಸಾನ್ಸೇರ್‌ಗಿಂತ ಮಸ್ಕಡೆಯಲ್ಲಿ ಕಾಸಿಗೆ ತಕ್ಕ ಮಾಲು ಸಿಗುವುದೇ ಹೆಚ್ಚು. ಊಟದ ಜೊತೆ ನಲ್ಲಿ ನೀರು ಪುಕ್ಕಟೆ: ‘ಕರಾಫ್ ದೋ’ ಎನ್ನಿ.