ತಗಡು ಮುಕ್ಕಾಲು ಮಿಲಿಮೀಟರ್, ಮಷೀನ್ ಇನ್ನೂರು ಆಂಪ್

ಹೋದ ಮಳೆಗಾಲದಲ್ಲಿ ನನ್ನ 1998ರ ಮಾರುತಿ 800ರ ಮ್ಯಾಟ್ ಒಣಹಾಕಲೆಂದು ಎತ್ತಿದರೆ ಕ್ಲಚ್ ಪೆಡಲ್‌ನ ಹಿಂದೆ ಅಂಗೈಯಗಲದ ತೂತು. ಅದರೊಳಗಿಂದ ಅಂಗಳದ ಕಲ್ಲು ಕಾಣುತ್ತಿತ್ತು. ಊರಿನ ಗ್ಯಾರೇಜೊಂದರಲ್ಲಿ ಅದರ ಮೇಲೊಂದು ತಗಡಿಟ್ಟು, ನಾಲ್ಕು ರಿವೆಟ್ ಹೊಡೆದು, ಟಾರು ಬಳಿದು ಕಳಿಸಿದರು. ದೀಪಾವಳಿಯ ಹೊತ್ತಿಗೆ ರಿವೆಟ್‌ಗಳು ತುಕ್ಕಿನ ಸಮೇತ ಕಳಚಿ ಬಂದವು. ದಾವಣಗೆರೆಯಲ್ಲಿ ಹದಿನೆಂಟು ವರ್ಷಗಳಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವವಳು ನಾನು. ಬೆಲ್ಟ್ ಬದಲಿಸುವುದು, ಬೇರಿಂಗ್ ಹಾಕುವುದು, ಬೀಸುವ ಕಲ್ಲಿಗೆ ಉಳಿ ಹೊಡೆಯುವುದು ಎಲ್ಲವೂ ನನ್ನದೇ ಕೈ. ತಗಡಿಗೆ ತಗಡು ಅಂಟಿಸಲು ಇನ್ನೊಬ್ಬರ ಬಾಗಿಲು ಕಾಯುವುದೇಕೆ ಎಂದುಕೊಂಡು ವೆಲ್ಡಿಂಗ್ ಮಷೀನ್ ತರಲು ಹೋದೆ. ತಪ್ಪು ಮಷೀನ್ ತಂದೆ.

ಅಂಗಡಿಯವನು ತೋರಿಸಿದ್ದು 200 ಆಂಪ್‌ನ ಆರ್ಕ್ ಇನ್ವರ್ಟರ್, ಅಂದರೆ ರಾಡ್ ಹಿಡಿದು ಗೇಟು ಬೆಸೆಯುವ ಮಷೀನ್. ಹಗುರ, ಅಗ್ಗ, ನೋಡಲೂ ಚೆಂದ. ಗಿರಣಿಗೆ ಹತ್ತು ಎಚ್.ಪಿ. ಮೋಟಾರ್ ಇದ್ದರೆ ಐದಕ್ಕಿಂತ ಮೇಲು ಎಂಬ ಲೆಕ್ಕ ನನ್ನ ತಲೆಯಲ್ಲಿ ಕೂತಿತ್ತು. ಸಣ್ಣ ಕಾರಿನ ತಗಡಿನ ದಪ್ಪ ಸುಮಾರು 0.7ರಿಂದ 0.8 ಮಿಲಿಮೀಟರ್. ಎರಡೂವರೆ ಮಿಲಿಮೀಟರಿನ ರಾಡ್ ಸರಿಯಾಗಿ ಉರಿಯಲು ಕಡಿಮೆಯೆಂದರೂ 60 ಆಂಪ್ ಬೇಕು. ಆ ಬಿಸಿಯನ್ನು ಈ ತಗಡು ತಾಳುವುದಿಲ್ಲ. ರಾಡ್ ತಾಗಿಸಿದೆ, ಬೆಳಕು ಮಿಂಚಿತು, ಮುಖವಾಡ ತೆಗೆದು ನೋಡಿದರೆ ಅಂಗೈಯಗಲದ ತೂತಿನ ಪಕ್ಕದಲ್ಲಿ ಹೊಸದೊಂದು ತೂತು. ಆ ಮಷೀನ್ ದಂಡವೇನಲ್ಲ. ಗಿರಣಿಯ ಸ್ಟ್ಯಾಂಡು, ಮನೆಯ ಗೇಟಿನ ಕೀಲು ಎಲ್ಲ ಅದರಲ್ಲೇ ಮಾಡಿದ್ದೇನೆ. ಕಾರಿಗೆ ಮಾತ್ರ ಬೇಡ.

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಆಂಪ್‌ವರೆಗೆ ಏರುತ್ತದೆ ಎಂದಲ್ಲ, ಎಷ್ಟಕ್ಕೆ ಇಳಿಯುತ್ತದೆ ಎಂದು. 30 ಆಂಪ್‌ಗೆ ಇಳಿದೂ ತಡವರಿಸದೆ ಉರಿಯುವ ಮಿಗ್ ಮಷೀನ್ ಬೇಕು. ಮಿಗ್‌ನಲ್ಲಿ ರಾಡ್ ಬದಲು ಸುರುಳಿಯಿಂದ ತಂತಿ ತಾನೇ ಗನ್ನಿನ ಮೂಲಕ ಬರುತ್ತದೆ. ಗುಂಡಿ ಒತ್ತಿದರೆ ಉರಿ, ಬಿಟ್ಟರೆ ನಿಲುಗಡೆ. ತೆಳು ತಗಡಿಗೆ ಬೇಕಾದದ್ದು ಆ ನಿಲುಗಡೆಯೇ. ತಂತಿ 0.8 ಮಿಲಿಮೀಟರಿನದು ಎಲ್ಲ ಕಡೆ ಸಿಗುತ್ತದೆ, 0.6 ಸಿಕ್ಕರೆ ಬಿಡಬೇಡಿ, ಅದಿನ್ನೂ ತಣ್ಣಗೆ ಕೆಲಸ ಮಾಡುತ್ತದೆ.

ಇಲ್ಲಿ ಇನ್ನೊಂದು ಕವಲು. ಮಿಗ್‌ನಲ್ಲಿ ಕರಗಿದ ಬೆಸುಗೆಗೆ ಗಾಳಿ ತಾಗದಂತೆ ಸಿಲಿಂಡರಿನಿಂದ ಗ್ಯಾಸ್ ಬಿಡುತ್ತಾರೆ. ಗ್ಯಾಸ್ ಬೇಡದ, ಹೊಟ್ಟೆಯಲ್ಲೇ ಪುಡಿ ತುಂಬಿಕೊಂಡ ಫ್ಲಕ್ಸ್ ತಂತಿ ಇದೆ. ಸಿಲಿಂಡರ್ ಖರ್ಚಿಲ್ಲ, ಗಾಳಿಯಲ್ಲೂ ನಡೆಯುತ್ತದೆ. ಆದರೆ ಬಿಸಿ ಜಾಸ್ತಿ, ಕಿಡಿ ಜಾಸ್ತಿ, ಮೇಲೆ ಕಿಟ್ಟ ಕೂರುತ್ತದೆ. ಕಾರಿಗೆ ನಾನು ಒಳಗೆ ಪುಡಿಯಿಲ್ಲದ ಗಟ್ಟಿ ತಂತಿ ಮತ್ತು ಗ್ಯಾಸನ್ನೇ ಒಪ್ಪುತ್ತೇನೆ. ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ. ಆರ್ಗಾನ್ ಬೆರೆಸಿದ್ದಾದರೆ ಕಿಡಿ ಕಡಿಮೆ, ತೆಳು ತಗಡಿನ ಮೇಲೆ ಉರಿ ಶಾಂತ. ನಿಮಿಷಕ್ಕೆ ಎಂಟರಿಂದ ಹತ್ತು ಲೀಟರ್ ಬಿಟ್ಟರೆ ಸಾಕು. ಒಂದು ತಂತಿಯಿಂದ ಇನ್ನೊಂದಕ್ಕೆ ಬದಲಿಸಿದಾಗ ಮಷೀನಿನೊಳಗಿನ ಪ್ಲಸ್ ಮೈನಸ್ಸೂ ಬದಲಿಸಬೇಕು: ಗ್ಯಾಸಿನ ಗಟ್ಟಿ ತಂತಿಗೆ ಗನ್ ಪ್ಲಸ್, ಗ್ಯಾಸಿಲ್ಲದ ಫ್ಲಕ್ಸ್ ತಂತಿಗೆ ಗನ್ ಮೈನಸ್. ಇದನ್ನು ಮರೆತು ಒಂದಿಡೀ ಭಾನುವಾರ ತಂತಿಯನ್ನು ಬೈದಿದ್ದೇನೆ.

ಮನೆಯ ಕರೆಂಟು ತಡೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕಾರಿನ ತಗಡಿಗೆ ನಾವು ಬಳಸುವುದು 50 ಆಂಪ್‌ನ ಆಸುಪಾಸು, ಹದಿನಾರು ಹದಿನೇಳು ವೋಲ್ಟ್‌ನಲ್ಲಿ. ಗುಣಿಸಿದರೆ ಎಂಟುನೂರು ಚಿಲ್ಲರೆ ವಾಟ್. ಮಷೀನಿನೊಳಗಿನ ನಷ್ಟ ಸೇರಿದರೂ ಗೀಸರ್‌ಗಿಂತ ಕಡಿಮೆ. 16 ಆಂಪ್‌ನ ಸಾಕೆಟ್, ಒಳ್ಳೆಯ ಅರ್ತಿಂಗ್, 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಇದ್ದರೆ ಆಯಿತು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಬಳಸಬೇಡಿ, ಕಾಯುತ್ತದೆ. ಡ್ಯೂಟಿ ಸೈಕಲ್ 60 ಶೇಕಡ ಎಂದರೆ ಬರೆದಿರುವ ಆಂಪ್‌ನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಮಾತ್ರ ಉರಿಸಬಹುದೆಂದು ಅರ್ಥ. ಒಂದೊಂದು ಚುಕ್ಕೆ ಇಟ್ಟು ಆರಲು ಬಿಡುವ ನಮಗೆ ಅದು ಅಡ್ಡಬರುವುದೇ ಇಲ್ಲ. ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ; ಆ ದುಡ್ಡಿಗೆ ತಾನೇ ಕಪ್ಪಾಗುವ ಹೆಲ್ಮೆಟ್ ತನ್ನಿ, ಗಾಜು ಹತ್ತನೆಯ ಶೇಡಿನದು, ಅಂದರೆ ಕಪ್ಪಿನ ಮಟ್ಟ ಹತ್ತು.

ಎಲ್ಲಿ ಕೂತು ಮಾಡುವುದು? ಗಿರಣಿಯೊಳಗಂತೂ ಬೇಡವೇ ಬೇಡ. ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳಿಗೆ ಕಿಡಿ ತಾಗಿದರೆ ಸ್ಫೋಟವೇ ಆಗಬಹುದು. ಹಿತ್ತಲಿನ ಶೀಟಿನ ಮಾಡಿನ ಕೆಳಗೆ, ಫ್ಯಾನ್ ಇಲ್ಲದೆ, ಬಾಗಿಲು ತೆರೆದು ಮಾಡುತ್ತೇನೆ. ಫ್ಯಾನ್ ಇದ್ದರೆ ಗ್ಯಾಸ್ ಹಾರಿಹೋಗಿ ಬೆಸುಗೆ ಜೇನುಗೂಡಿನಂತೆ ತೂತುತೂತಾಗುತ್ತದೆ. ಏಪ್ರಿಲ್‌ನಲ್ಲಿ ಆ ಮಾಡಿನ ಕೆಳಗೆ ಕೂರುವುದು ಮಂಡಕ್ಕಿ ಭಟ್ಟಿಯ ಬಾಯಿಗೆ ಕೂತಂತೆ. ನನ್ನ ಕೆಲಸವೆಲ್ಲ ಬೆಳಿಗ್ಗೆ ಆರರಿಂದ ಎಂಟು. ಬಟ್ಟೆ ಪೂರಾ ಹತ್ತಿಯದು. ಪಾಲಿಯೆಸ್ಟರ್ ಮೇಲೆ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೇ ಅಂಟುತ್ತದೆ. ನಾನು ತೊಡುವುದು ಅಪ್ಪನ ಹಳೆಯ ಖಾಕಿ ಅಂಗಿ, ಅವರು ಹತ್ತಿ ಮಿಲ್ಲಿನಲ್ಲಿದ್ದಾಗಿನದು.

ಕಲಿಸಿದವರು ನಮ್ಮ ಓಣಿಯ ಹಿರಿಯ ಟಿಂಕರ್, ಎಲ್ಲರಿಗೂ ಚಾಚಾ. ಮೊದಲ ಎರಡು ವಾರ ಕಾರನ್ನು ಮುಟ್ಟಲೇ ಬಿಡಲಿಲ್ಲ. ಗುಜರಿ ಅಂಗಡಿಯಿಂದ ಹಳೆಯ ಬಾನೆಟ್ ತರಿಸಿ, ಬಣ್ಣ ಕೆರೆಸಿ, ತುಂಡು ಮಾಡಿಸಿ ಎರಡೆರಡನ್ನು ಬೆಸೆಯಲು ಹೇಳಿದರು. ನನ್ನದೊಂದೇ ಬಂಡವಾಳ, ಕಿವಿ. ಕಲ್ಲಿನ ಸದ್ದಿನ ಮೇಲೆಯೇ ಕಾಳು ಮುಗಿಯಿತೆಂದು ತಿಳಿಯುವವಳಿಗೆ ಮಿಗ್ ಬೇಗ ಅರ್ಥವಾಯಿತು. ತಂತಿಯ ವೇಗವೂ ವೋಲ್ಟೂ ಹೊಂದಿದರೆ ಕಾದೆಣ್ಣೆಗೆ ಮಿರ್ಚಿ ಬಿಟ್ಟಂತೆ ಒಂದೇ ಸಮನೆ ಚುರ್ ಎನ್ನುತ್ತದೆ. ತಂತಿ ಹೆಚ್ಚಾದರೆ ಪಟಪಟ ಸಿಡಿದು ಗನ್ನು ಕೈಯನ್ನು ಹಿಂದಕ್ಕೆ ನೂಕುತ್ತದೆ. ಕಡಿಮೆಯಾದರೆ ತಂತಿಯ ತುದಿಯಲ್ಲಿ ಗುಂಡು ಕಟ್ಟಿ, ತಂತಿ ಹೊರಬರುವ ಗನ್ನಿನ ಟಿಪ್ಪಿಗೆ ಅಂಟಿಕೊಳ್ಳುತ್ತದೆ.

"ನೋಡಮ್ಮ, ಗೆರೆ ಎಳೆಯಬೇಡ, ಚುಕ್ಕೆ ಇಡು" ಎಂದರು ಚಾಚಾ. "ಒಂದು ಎಂದು ಎಣಿಸಿ ಬೆರಳು ಬಿಡು. ಕೆಂಪು ಆರಿದ ಮೇಲೆ ಇನ್ನೊಂದು."

ಅಭ್ಯಾಸದ ತುಂಡನ್ನು ಅವರು ಕಣ್ಣಿನಿಂದ ಅಳೆಯಲಿಲ್ಲ. ವೈಸ್‌ಗೆ ಕಚ್ಚಿಸಿ, ಉಳಿ ತೂರಿಸಿ ಕಿತ್ತರು. ನನ್ನ ಮೊದಲ ಚುಕ್ಕೆಗಳು ಅಂಗಿಯ ಗುಂಡಿಯಂತೆ ಪಟ್ಟನೆ ಬಿಟ್ಟುಕೊಂಡವು. ಮೇಲೆ ಗುಂಡಗೆ ಕೂತಿದ್ದವೇ ಹೊರತು ಕೆಳಗಿನ ತಗಡನ್ನು ಹಿಡಿದಿರಲಿಲ್ಲ. ಒಳ್ಳೆಯ ಚುಕ್ಕೆ ಬಿಡುವುದಿಲ್ಲ, ಕೆಳಗಿನ ತಗಡನ್ನೇ ಹರಿದುಕೊಂಡು ಬರುತ್ತದೆ. ಹನ್ನೊಂದನೆಯ ದಿನ ಒಂದು ಹರಿದುಕೊಂಡು ಬಂತು. ಆ ತುಂಡು ಈಗಲೂ ಗಿರಣಿಯ ಗಲ್ಲಾಪೆಟ್ಟಿಗೆಯಲ್ಲಿದೆ.

ಕಾರಿನ ದಿನ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಸೀಟು, ಮ್ಯಾಟು, ಸದ್ದು ತಡೆಯುವ ಹಾಸು ಎಲ್ಲ ಹೊರಗೆ. ನೆಲದ ಕೆಳಗೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿ ಹೋಗಿವೆ ಎಂದು ಮಲಗಿ ನೋಡಿ; ಹತ್ತಿರವಿದ್ದರೆ ಬಿಚ್ಚದೆ ಮುಂದುವರಿಯಬೇಡಿ. ಟ್ಯಾಂಕಿನ ಬಳಿಯ ಬೆಸುಗೆ ಮನೆಯಲ್ಲಿ ಬೇಡವೇ ಬೇಡ. ಸ್ಕ್ರೂಡ್ರೈವರಿನಿಂದ ಕುಕ್ಕುತ್ತಾ ಹೋಗಿ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ. ನನ್ನ ಅಂಗೈಯಗಲದ ತೂತು ಊಟದ ತಟ್ಟೆಯಷ್ಟಾಯಿತು. ಎದೆ ಧಸಕ್ ಎಂದಿತು, ಆದರೆ ತುಕ್ಕಿಗೆ ಬೆಸುಗೆ ಹಿಡಿಯುವುದಿಲ್ಲ.

ರಟ್ಟಿನಲ್ಲಿ ಅಳತೆ ತೆಗೆದು 0.8 ಮಿಲಿಮೀಟರಿನ ಸಿ.ಆರ್. ಶೀಟಿನಲ್ಲಿ, ಅಂದರೆ ಲೇಪನವಿಲ್ಲದ ಉಕ್ಕಿನ ತಗಡಿನಲ್ಲಿ, ತೇಪೆ ಕತ್ತರಿಸಿದೆ, ಸುತ್ತಲೂ ಎರಡು ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು, ಮೂಲೆಗಳನ್ನು ದುಂಡಗೆ ಮಾಡಿ. ಸತು ಲೇಪಿಸಿದ ಜಿ.ಐ. ಶೀಟ್ ಬೇಡ, ಅದರ ಸತುವಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ. ಎಣ್ಣೆ ಜಿಡ್ಡು ತೆಗೆಯಲು ಸ್ಪ್ರೇ ಡಬ್ಬಿಯ ಬ್ರೇಕ್ ಕ್ಲೀನರ್ ಕೂಡ ಬೇಡ, ಕ್ಲೋರಿನ್ ಇರುವಂಥದ್ದು ಆರ್ಕಿನ ಬಿಸಿಗೆ ವಿಷಗಾಳಿಯಾಗುತ್ತದೆ. ತೇಪೆಯ ಅಂಚಿನುದ್ದಕ್ಕೂ ಮೂರು ಸೆಂಟಿಮೀಟರಿಗೊಂದು, ಆರು ಮಿಲಿಮೀಟರಿನ ತೂತು ಕೊರೆದೆ. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡಿಂಗ್ ಮಾಡಿದ ಕಡೆ ನಾವು ಈ ತೂತುಗಳನ್ನು ತುಂಬುತ್ತೇವೆ. ತಂತಿಯ ತುದಿಯನ್ನು ತೂತಿನ ನಡುವೆ, ಕೆಳಗಿನ ತಗಡಿಗೆ ಗುರಿಯಿಟ್ಟು ಒತ್ತಿ. ಹೊಳೆಯುವ ಹನಿ ಕೆಳಗೆ ಕಚ್ಚಿಕೊಂಡದ್ದು ಕಂಡ ಮೇಲೆ ಸಣ್ಣದಾಗಿ ಸುತ್ತಿಸಿ ಅಂಚಿಗೆ ತಂದು ಬಿಡಿ. ಮುಂದಿನದು ಪಕ್ಕದ ತೂತಲ್ಲ, ಎದುರು ಬದಿಯದು. ಇಲ್ಲವಾದರೆ ತೇಪೆ ಹಪ್ಪಳದಂತೆ ಏಳುತ್ತದೆ. ಅಷ್ಟೂ ಹೊತ್ತು ಚಾಚಾ ಕಾರಿನ ಪಕ್ಕ ಒದ್ದೆ ಗೋಣಿಚೀಲ, ನೀರಿನ ಬಕೆಟ್ ಹಿಡಿದು ಕೂತಿದ್ದರು. ಕೆಳಗಿನ ಹಳೆಯ ಟಾರು ಎರಡು ಸಲ ಹೊತ್ತಿಕೊಂಡಿತು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲಿಂದ ಏಳಬೇಡಿ.

ಕೊನೆಯ ತೂತಿಗೆ ಹೆಲ್ಮೆಟ್ ಕೈಗೆಟುಕಲಿಲ್ಲ. ಒಂದೇ ಚುಕ್ಕೆ ತಾನೇ ಎಂದು ಕಣ್ಣು ಕಿರಿದು ಮಾಡಿ ಒತ್ತಿದೆ. ಒಂದಲ್ಲ, ನಾಲ್ಕಾದವು. ಆಗ ಏನೂ ಆಗಲಿಲ್ಲ. ರಾತ್ರಿ ಎರಡಕ್ಕೆ, ಖಾರದ ಪುಡಿ ಮೆತ್ತಿದ ಕೈಯಿಂದ ಕಣ್ಣುಜ್ಜಿದಂತೆ ಉರಿ. ಡಾಕ್ಟರ್ ಡ್ರಾಪ್ಸ್ ಕೊಟ್ಟರು. ಗಿರಣಿ ಎರಡು ದಿನ ಮುಚ್ಚಿತ್ತು.

ಸೀಟ್ ಬೆಲ್ಟ್ ಕಚ್ಚಿಕೊಂಡಿರುವ ಜಾಗ, ಸಸ್ಪೆನ್ಷನ್, ಸ್ಟಿಯರಿಂಗ್, ಏರ್‌ಬ್ಯಾಗ್ ಇರುವ ಹೊಸ ಕಾರಿನ ಮಾಡು ಹೊರುವ ಕಂಬಗಳು ನನ್ನ ಕೆಲಸವಲ್ಲ, ನಿಮ್ಮದೂ ಅಲ್ಲ. ಆ ಕಂಬಗಳ ಉಕ್ಕು ಬೇರೆ ಜಾತಿಯದು, ಬಿಸಿ ತಾಗಿದರೆ ಬಲ ಕಳೆದುಕೊಳ್ಳುತ್ತದೆ.

ಬೆಸುಗೆ ಆರಿದ ಮೇಲೆ ಗ್ರೈಂಡರ್‌ನಿಂದ ಸಮತಟ್ಟಾಗಿಸಿ, ಜಿಂಕ್ ಪ್ರೈಮರ್ ಹೊಡೆದು, ಅಂಚಿಗೆ ಸೀಲರ್ ಮೆತ್ತಿ, ಕೆಳಗಿನಿಂದಲೂ ಬಣ್ಣ ಕೊಟ್ಟೆ. ಮಾರನೆಯ ದಿನ ಮಗಳು ಒಳಗೆ ಟಾರ್ಚ್ ಹಿಡಿದು ಕೂತಳು, ನಾನು ಕೆಳಗಿನಿಂದ ಪೈಪಿನಲ್ಲಿ ನೀರು ಹೊಡೆದೆ. "ಅವ್ವಾ, ಇಲ್ಲೊಂದು ಹನಿ" ಎಂದಳು. ಕ್ಲಚ್ಚಿನ ಕಡೆಯ ಏಳನೆಯ ಚುಕ್ಕೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದ್ದೇನೆ. ಮಷೀನ್ ಇನ್ನೂ ಹಿತ್ತಲಲ್ಲೇ ಇದೆ.