ಕಕ್ಕಡದ ಮಳೆಯಲ್ಲಿ ಆಂಟಿಬಯಾಟಿಕ್ ಅಣು ಕಟ್ಟುವಾಗ

ಲಿನೆಜೊಲಿಡ್ 2000ದಲ್ಲಿ ಬಳಕೆಗೆ ಬಂದ ಆಂಟಿಬಯಾಟಿಕ್. ಪೆನಿಸಿಲಿನ್ ಹಾಗೆ ಬೂಷ್ಟಿನಿಂದ ಬಂದದ್ದಲ್ಲ, ಪೂರ್ತಿ ಪ್ರಯೋಗಾಲಯದಲ್ಲೇ ಕಟ್ಟಿದ ಅಣು. ಅದರ ಮಾರ್ಫಲೀನ್ ಉಂಗುರದ ಜಾಗಕ್ಕೆ ಬೇರೆ ಬೇರೆ ಅಮೈನ್‌ಗಳನ್ನು (ಸಾರಜನಕವಿರುವ ಅಣುಗಳನ್ನು) ಕೂರಿಸಿ ನೋಡುವುದು ನನ್ನ ಕೆಲಸ. ಮಡಿಕೇರಿಯಲ್ಲಿ ಇದಕ್ಕೆ ಕೈಹಾಕಿದರೆ ಮೊದಲು ಎದುರಾಗುವುದು ಗಾಳಿಯಲ್ಲಿರುವ ನೀರು.

ಶುರುವಿನ ಹಂತಗಳಿಗೆ ಮಳೆಯ ಹಂಗಿಲ್ಲ. 3,4-ಡೈಫ್ಲೋರೊನೈಟ್ರೊಬೆಂಜೀನ್ ಜತೆ ಅಮೈನ್ ಕಾಯಿಸಿದರೆ ನೈಟ್ರೊ ಗುಂಪಿನ ಎದುರಿಗಿರುವ ಫ್ಲೋರಿನ್ ಮಾತ್ರ ಜಾಗ ಬಿಡುತ್ತದೆ. ನೈಟ್ರೊವನ್ನು ಅಮೈನ್ ಮಾಡಿ, ಅದನ್ನು ಕಾರ್ಬಮೇಟ್ ಆಗಿಸಿಕೊಳ್ಳಬೇಕು. ಕಷ್ಟವಿರುವುದು ಆಮೇಲೆ, ಬ್ಯುಟೈಲ್ ಲಿಥಿಯಂ ಎಂಬ ತೀಕ್ಷ್ಣ ಪ್ರತ್ಯಾಮ್ಲ ಹಾಕಿ ಗ್ಲೈಸಿಡಿಲ್ ಬ್ಯುಟಿರೇಟ್ ಸೇರಿಸಿ, ಲಿನೆಜೊಲಿಡ್‌ನ ತಿರುಳಾದ ಆಕ್ಸಜೊಲಿಡಿನೋನ್ ಉಂಗುರ ಮುಚ್ಚುವಾಗ. ತೇವ ತಾಗಿದರೆ ಬ್ಯುಟೈಲ್ ಲಿಥಿಯಂ ಅಲ್ಲೇ ಹಾಳು. ಗ್ಲೈಸಿಡಿಲ್ ಬ್ಯುಟಿರೇಟ್‌ಗೆ ಕನ್ನಡಿ ಬಿಂಬದಂಥ ಎರಡು ರೂಪಗಳಿವೆ; ಅದರ 'ಆರ್' ರೂಪವನ್ನೇ ಕೊಳ್ಳಬೇಕು, ಅದು ದುಬಾರಿ. ಎರಡೂ ಬೆರೆತ ಅಗ್ಗದ ಮಿಶ್ರಣ ತಂದು ಪ್ರಯೋಜನವಿಲ್ಲ: ಕನ್ನಡಿ ಬಿಂಬದ ಅಣುವಿಗೆ ಬ್ಯಾಕ್ಟೀರಿಯಾದ ಪ್ರೋಟೀನ್ ಕಟ್ಟುವ ರೈಬೊಸೋಮ್‌ನಲ್ಲಿ ಹಿಡಿತ ಸಿಗುವುದಿಲ್ಲ.

ಕಾಫಿ ಕುಯ್ಯುವ ಕಾಲದ ಒಣ ಹವೆಯಲ್ಲಿ ಈ ಹಂತ ಸಲೀಸು. ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಮಾಡಲೇಬೇಕಾದಾಗ ಗಾಜಿನ ಸಾಮಾನನ್ನೆಲ್ಲ ರಾತ್ರಿಯಿಡೀ ಓವನ್ನಿನಲ್ಲಿಟ್ಟು, ಸಾರಜನಕ ಹಾಯಿಸುತ್ತಲೇ ಆರಿಸುತ್ತೇನೆ. ಟಿಎಚ್‌ಎಫ್ ದ್ರಾವಕವನ್ನು ಸೋಡಿಯಂ, ಬೆಂಜೊಫಿನೋನ್ ಜತೆ ಕುದಿಸುತ್ತೇನೆ. ಕಡುನೀಲಿ ಬಣ್ಣ ಬಂದು ನಿಂತರೆ ನೀರು ಹೋಯಿತೆಂದು ಅರ್ಥ. "ಮೇಡಂ, ನೀಲಿ ಬಂತು" ಎಂದು ವಿದ್ಯಾರ್ಥಿಗಳು ಕೂಗುವ ತನಕ ಸಿರಿಂಜ್ ಮುಟ್ಟುವುದಿಲ್ಲ. ಮರ ಬಿದ್ದು ಕರೆಂಟ್ ಹೋಗುವ ದಿನಗಳಿಗೆಂದು ಸ್ಟಿರರ್ ಯುಪಿಎಸ್ ಮೇಲಿದೆ.

ಬ್ಯುಟೈಲ್ ಲಿಥಿಯಂ ಹಂತವನ್ನು ಕಡುತಂಪಿನಲ್ಲೇ ಮಾಡಬೇಕು. ಆ ತಂಪಿಗೆ ಡ್ರೈ ಐಸ್ ಇಲ್ಲಿ ಕೈಗೆ ಸಿಗುವ ವಸ್ತುವಲ್ಲ. ದನಗಳ ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳನ್ನು ದ್ರವ ಸಾರಜನಕದಲ್ಲಿ ಇಡುತ್ತಾರಲ್ಲ, ಅದನ್ನು ಪೂರೈಸುವವರಿಂದಲೇ ನಮಗೂ ತರಿಸಿಕೊಂಡೆ. ಈಥೈಲ್ ಅಸಿಟೇಟ್‌ಗೆ ಅದನ್ನು ಸ್ವಲ್ಪಸ್ವಲ್ಪವೇ ಸುರಿದು ಕಲಕಿದರೆ ಗಂಜಿಯಂತಾಗಿ ಸುಮಾರು −84 ಡಿಗ್ರಿಯಲ್ಲಿ ನಿಲ್ಲುತ್ತದೆ. ಕಿಟಕಿ ತೆರೆದಿಟ್ಟೇ ಮಾಡಬೇಕು, ಮುಚ್ಚಿದ ಕೋಣೆಯಲ್ಲಿ ಸಾರಜನಕ ಉಸಿರು ಕಟ್ಟಿಸುತ್ತದೆ.

ಮಿಶ್ರಣದಲ್ಲಿರುವ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ಪ್ಲೇಟುಗಳೂ ತೇವ ಹೀರುತ್ತವೆ, ಚುಕ್ಕೆಗಳು ಇರಬೇಕಾದ್ದಕ್ಕಿಂತ ಮೇಲೇರುತ್ತವೆ. ಬಳಸುವ ಮುಂಚೆ 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಸಾಕು.

ಅಣು ಕೈಗೆ ಬಂದಮೇಲೆ ಅಗರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಕಂಡಿತೆಂದು ಅದನ್ನು ಆಂಟಿಬಯಾಟಿಕ್ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅಣು ಅಗರ್‌ನಲ್ಲಿ ಎಷ್ಟು ಹರಡುತ್ತದೆ ಎಂಬುದರ ಮೇಲೂ ಆ ವೃತ್ತದ ಅಗಲ ನಿಂತಿದೆ. ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣವನ್ನೇ, ಅಂದರೆ ಎಂಐಸಿಯನ್ನೇ ಅಳೆಯಬೇಕು. 96 ಗುಳಿಗಳ ಪ್ಲೇಟಿನಲ್ಲಿ ಪ್ರತಿ ಗುಳಿಗೂ ಅರ್ಧಕ್ಕರ್ಧ ತೆಳುವಾಗಿಸುತ್ತ ಹೋಗಿ, 35 ಡಿಗ್ರಿಯಲ್ಲಿಟ್ಟು ಮಾರನೇ ದಿನ ಓದುತ್ತೇವೆ. ಪಕ್ಕದ ಸಾಲಿನಲ್ಲಿ ಲಿನೆಜೊಲಿಡ್, ಇನ್ನೊಂದರಲ್ಲಿ ಅಣುವಿಲ್ಲದ ಬರೀ ಡಿಎಂಎಸ್‌ಒ ದ್ರಾವಕ. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಲಿನೆಜೊಲಿಡ್ ಸಾಮಾನ್ಯವಾಗಿ ಮಿಲಿಲೀಟರಿಗೆ 1ರಿಂದ 4 ಮೈಕ್ರೊಗ್ರಾಂನಲ್ಲಿ ಕೆಲಸ ಮಾಡುತ್ತದೆ. ನಮ್ಮದರಲ್ಲಿ ಉತ್ತಮವಾದದ್ದು 8ಕ್ಕೆ ಬಂದಿದೆ.

ಇ. ಕೋಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮಾತ್ರ 64ಕ್ಕೂ ಜಗ್ಗಲಿಲ್ಲ. ಲಿನೆಜೊಲಿಡ್‌ಗೂ ಅದು ಬಗ್ಗುವುದಿಲ್ಲ, ಒಳಹೊಕ್ಕ ಅಣುವನ್ನು ಅದರ ಪಂಪುಗಳು ಹೊರದಬ್ಬುತ್ತವೆ. ಟಾಲ್‌ಸಿ ಎಂಬ ಪ್ರೋಟೀನ್ ತೆಗೆದುಹಾಕಿದ ತಳಿಯಲ್ಲಿ ಆ ಪಂಪುಗಳು ನಡೆಯುವುದಿಲ್ಲ. ಮುಂದಿನ ಪರೀಕ್ಷೆ ಆ ತಳಿಯ ಮೇಲೆ. ಅಲ್ಲಿ ಎಂಐಸಿ ಇಳಿದರೆ, ಪಂಪಿಗೆ ಸುಲಭವಾಗಿ ಸಿಗದ ಅಮೈನ್ ಹುಡುಕಲು ಹೊರಡುತ್ತೇನೆ.